ಓರಗಿತ್ತಿಯ ಬರಹ, ನನ್ನ ಅಕ್ಷರ

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದೂರು ಹೇಳುತ್ತಿದ್ದೇನೆ. ಹಿಂದೂಪುರದಲ್ಲಿ ನಾವೊಂದಷ್ಟು ಕನ್ನಡದವರು ಸೇರಿಕೊಂಡು ಒಂದು ಕೈಬರಹದ ಪತ್ರಿಕೆ ಮಾಡುತ್ತೇವೆ. ಅದಕ್ಕೆ ನಾನು ಐದು ವರ್ಷದಿಂದ ಕಥೆ ಕೊಟ್ಟಿದ್ದೇನೆ, ಪದ್ಯ ಕೊಟ್ಟಿದ್ದೇನೆ, ಒಂದು ಸಲ ನಾಟಕವನ್ನೂ ಕೊಟ್ಟಿದ್ದೇನೆ. ಓದಿದವರೆಲ್ಲ ಬರೆಯುವುದು ಒಂದೇ ಮಾತು: ‘ಅಕ್ಷರ ಮುತ್ತು ಪೋಣಿಸಿದಂತಿದೆ.’ ಮಗುವನ್ನು ಕಳೆದುಕೊಂಡ ತಾಯಿಯ ಕಥೆ ಬರೆದೆ, ಮುತ್ತು ಪೋಣಿಸಿದಂತಿದೆ ಎಂದರು. ಮನೆಗೆ ಕರೆದು ಹಬ್ಬದೂಟ ಬಡಿಸಿದರೆ ‘ತಟ್ಟೆ ಚೆನ್ನಾಗಿ ತೊಳೆದಿದ್ದೀರಿ’ ಎಂದು ಹೇಳಿ ಎದ್ದು ಹೋದ ಹಾಗೆ.

ಪತ್ರಿಕೆ ನಡೆಸುವವರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಮೂರು ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ ಒಂದೇ ಪ್ರತಿ. ಎಲ್ಲರ ಬರಹವನ್ನೂ ಬಿಳಿ ಹಾಳೆಗೆ ನೀಟಾಗಿ ಇಳಿಸುವ ಕೆಲಸ ನನ್ನದು. ನಾನು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿ, ಫಾಲ್ ಹೊಲಿದು ಕೊಡುವವಳು. ಹಾಗಾಗಿ ಹೊದಿಕೆಗೆ ಸೀರೆ ಡಬ್ಬದ ರಟ್ಟು, ಹೊಲಿಗೆಗೆ ಕುಚ್ಚು ಕಟ್ಟಿ ಉಳಿದ ದಾರ, ಎರಡೂ ನಮ್ಮ ಮನೆಯಿಂದಲೇ ಹೋಗುತ್ತವೆ. ಸಿದ್ಧವಾದ ಪ್ರತಿಯನ್ನು ಬಟ್ಟೆ ಚೀಲಕ್ಕೆ ಹಾಕಿ ಬಿಟ್ಟರೆ ಅದು ಹಿಂದೂಪುರದ ಏಳೆಂಟು ಮನೆ ತಿರುಗಿ, ಬಸ್ಸು ಹತ್ತಿ, ಗೋರಂಟ್ಲದ ಒಬ್ಬ ಗೊಬ್ಬರದಂಗಡಿಯವರ ಗಲ್ಲಾದ ಪಕ್ಕ ನಾಲ್ಕು ದಿನ ಇದ್ದು, ಆಮೇಲೆ ಕಲ್ಯಾಣದುರ್ಗ, ಸೆಟ್ಟೂರು ನೋಡಿಕೊಂಡು ವಾಪಸು ಬರುತ್ತದೆ. ಕೊನೆಯಲ್ಲಿ ಹತ್ತು ಹಾಳೆ ಖಾಲಿ ಬಿಟ್ಟಿರುತ್ತೇವೆ. ಅದಕ್ಕೆ ಓದುಗರ ಹಾಳೆ ಎಂದು ಹೆಸರು. ಓದಿದವರು ಅಲ್ಲಿ ಏನಾದರೂ ಬರೆಯದೆ ಪ್ರತಿಯನ್ನು ಮುಂದಕ್ಕೆ ದಾಟಿಸುವಂತಿಲ್ಲ. ಫೋಟೊ ಹೊಡೆದು ವಾಟ್ಸಾಪಿಗೆ ಹಾಕುವಂತೆಯೂ ಇಲ್ಲ. ಹಾಕಿದ ಮನೆಗೆ ಮುಂದಿನ ಸಂಚಿಕೆ ಹೋಗುವುದಿಲ್ಲ. ಮೇಷ್ಟ್ರು ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ನಮ್ಮ ಕಡೆ ಇನ್ನೊಂದು ಪೇಚು ಇದೆ. ಮನೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟು ಜನ, ಕನ್ನಡ ಬರೆಯುವವರು ಕಡಿಮೆ. ಶಾಲೆಯಲ್ಲಿ ತಿದ್ದಿದ್ದು ತೆಲುಗು ಅಕ್ಷರ. ಹಾಗಾಗಿ ಪತ್ರಿಕೆಗೆ ಬರುವುದರಲ್ಲಿ ಅರ್ಧಕ್ಕರ್ಧ ಕನ್ನಡ ಮಾತು, ತೆಲುಗು ಲಿಪಿ. ‘ಅಕ್ಷರ ಯಾವ್ದಾದ್ರೂ ಆಗ್ಲಿ ಕಣಮ್ಮ, ಮಾತು ನಮ್ದಾದ್ರೆ ಸಾಕು,’ ಎನ್ನುತ್ತಾರೆ ಮೇಷ್ಟ್ರು. ಅವನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವುದೂ ನನ್ನ ಪಾಲಿಗೇ ಬಂದಿದೆ. ಯಾಕೆಂದರೆ ನಾನು ಪಾವಗಡದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು, ಮದುವೆಯಾಗಿ ಈ ಕಡೆ ಬಂದ ಮೇಲೆ ಬಸ್ಸಿನ ಬೋರ್ಡು, ರೇಷನ್ ಕಾರ್ಡು ನೋಡಿ ನೋಡಿ ತೆಲುಗು ಓದಲು ಕಲಿತವಳು. ಮೇಷ್ಟ್ರು ಹಾಕಿಕೊಟ್ಟ ನಿಯಮ ಒಂದೇ: ‘ಬಟ್ಟೆ ಬದಲಾಯ್ಸು, ಮೈ ಮುಟ್ಬೇಡ.’ ಅವರು ‘ಬತ್ತೀನಿ’ ಎಂದು ಬರೆದಿದ್ದರೆ ನಾನು ‘ಬರುತ್ತೇನೆ’ ಎಂದು ತಿದ್ದುವ ಹಾಗಿಲ್ಲ. ಕೈ ತುರಿಸುತ್ತದೆ. ಆದರೂ ಐದು ವರ್ಷದಲ್ಲಿ ಒಂದೇ ಸಲ ಬಿಟ್ಟು ನಾನು ಯಾರ ಮೈಯನ್ನೂ ಮುಟ್ಟಿಲ್ಲ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಪ್ರಶಸ್ತಿ ಬೇಡ, ಸನ್ಮಾನದ ಶಾಲು ಬೇಡ. ನಾನು ಬರೆದ ಒಂದು ಮಾತು, ಒಂದೇ ಒಂದು ಮಾತು, ಓದಿದವರ ಬಾಯಲ್ಲಿ ಉಳಿಯಬೇಕು. ಪ್ರತಿ ಮುಂದಿನ ಮನೆಗೆ ಹೋದ ಮೇಲೂ ಅವರು ಅದನ್ನು ಇನ್ನೊಬ್ಬರಿಗೆ ಹೇಳಬೇಕು. ಚೀಲ ವಾಪಸು ಬಂದಾಗೆಲ್ಲ ಕುಚ್ಚಿನ ಕೆಲಸ ಅಲ್ಲೇ ಬಿಟ್ಟು ಮೊದಲು ಓದುಗರ ಹಾಳೆ ತಿರುವುತ್ತಿದ್ದೆ. ಮುತ್ತು, ಮುತ್ತು, ಮತ್ತೆ ಮುತ್ತು. ಸೆಟ್ಟೂರಿನ ಒಬ್ಬ ಟೀಚರಂತೂ ನನ್ನ ಪದ್ಯದ ಬಗ್ಗೆ ‘ಯಾವ ಪೆನ್ನು ಬಳಸುತ್ತೀರಿ?’ ಎಂದು ಕೇಳಿದ್ದಳು. ಆಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೀಗಿರುವಾಗ ಹೋದ ವರ್ಷ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಯಾವುದೋ ಮದುವೆಗೆ ಸೀರೆ ತೆಗೆಯಲು ಕಲ್ಯಾಣದುರ್ಗದಿಂದ ಬಂದಳು. ಅವಳು ಬೆಳುಗುಪ್ಪದವಳು. ಮನೆಮಾತು ಕನ್ನಡವೇ, ಓದಿದ್ದೆಲ್ಲ ತೆಲುಗು. ಮನೆಯ ಮುಂದಿನ ಕೋಣೆಯಲ್ಲಿ ಬೆಳಗಿನ ಹೊತ್ತು ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಮಾಡಿ ಮಾರುತ್ತಾಳೆ. ಸೀರೆ ತೆಗೆದಾದ ಮೇಲೆ ನಮ್ಮ ಮನೆಗೆ ಬಂದು ಗೋಡೆಗೊರಗಿ ಕೂತಳು. ನಾನು ಹಾಳೆಗೆ ಗೆರೆ ಎಳೆದುಕೊಂಡು ಬರೆಯುತ್ತಿದ್ದೆ.

‘ಏನಕ್ಕ, ಈ ವಯಸ್ನಾಗೆ ಕಾಪಿ ರೈಟಿಂಗಾ?’ ಎಂದಳು.

‘ಪತ್ರಿಕೆ ಕಣೆ. ಜನ ಬರ್ದು ಕಳಿಸ್ತಾರೆ, ನಾನು ಇಳಿಸ್ತೀನಿ.’

‘ಏನ್ ಬರೀತಾರೆ?’

‘ಮನ್ಸಿಗೆ ಬಂದಿದ್ದು.’

‘ಓ, ಸರ್ಲೇ. ಹಂಗಾದ್ರೆ ನಾನೂ ಒಂದು ಬರ್ದು ಕಳಿಸ್ತೀನಿ ಬಿಡು.’

ಮಾರುಕಟ್ಟೆಯಲ್ಲಿ ಅರ್ಧ ಕೇಜಿ ಟೊಮೇಟೊ ಕೊಡು ಎನ್ನುವ ಹಾಗೆ ಹೇಳಿದಳು. ನಾನು ನಕ್ಕು ‘ಬರಿ, ಬರಿ’ ಎಂದೆ. ಬರೆಯುವುದಿಲ್ಲ ಎಂದುಕೊಂಡಿದ್ದೆ.

ಅವಳ ಮೇಲೆ ನನ್ನ ಹೊಟ್ಟೆಕಿಚ್ಚು ಇವತ್ತಿನದಲ್ಲ. ಕಲ್ಯಾಣದುರ್ಗದ ಆ ಮನೆಗೆ ಅವಳಿಗಿಂತ ಆರು ವರ್ಷ ಮೊದಲೇ ನಾನು ಸೊಸೆಯಾಗಿ ಬಂದಿದ್ದೆ. ಅತ್ತೆಯನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು. ಆರು ವರ್ಷ ಅವ್ವ ನನ್ನ ಹತ್ತಿರ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಿದವಳಲ್ಲ. ‘ಹಿಟ್ಟು ಆಯ್ತಾ’, ‘ನೀರು ತಂದ್ಯಾ’, ಅಷ್ಟೇ. ಕೆಟ್ಟವಳಲ್ಲ, ಬೈದವಳೂ ಅಲ್ಲ. ಮಾತು ಕಡಿಮೆ ಸ್ವಭಾವ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಕಿರಿಯವಳು ಬಂದ ಎಂಟನೇ ದಿನಕ್ಕೆ ಅವ್ವ ಬಾಗಿಲ ಹೊಸ್ತಿಲ ಮೇಲೆ ಕೂತು ಅವಳ ತಲೆ ಬಾಚುತ್ತಾ, ತೆಲುಗು ಕನ್ನಡ ಎರಡೂ ಕಲಸಿ ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. ಸ್ವಭಾವವಲ್ಲ, ನಾನೇ ಬೇಡವಾಗಿದ್ದೆ ಎಂದು ಅವತ್ತು ಗೊತ್ತಾಯಿತು. ಅವ್ವ ಹೋಗಿ ವರ್ಷಗಳಾದವು, ನಾವು ಹಿಂದೂಪುರಕ್ಕೆ ಬಂದೆವು, ಅವರು ಆ ಮನೆ ಕೆಡವಿ ಮೋಲ್ಡ್ ಹಾಕಿಸಿಕೊಂಡರು. ನನ್ನ ಹೊಟ್ಟೆಯೊಳಗಿನದು ಮಾತ್ರ ಹಾಗೇ ಇತ್ತು. ಅಲ್ಲಿ ಅವ್ವನನ್ನು ತೆಗೆದುಕೊಂಡಳು, ಇಲ್ಲಿಗೂ ಬರುತ್ತಾಳಾ ಎಂದುಕೊಂಡೆ.

ಬಂದೇಬಿಟ್ಟಳು. ಊರಿಗೆ ಹೋದ ನಾಲ್ಕನೇ ದಿನಕ್ಕೆ ಫೋನಿಗೆ ಆರು ಫೋಟೊ ಬಂದವು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಒಂದರ ಮೂಲೆಯಲ್ಲಿ ಎಣ್ಣೆ ಕಲೆ, ತೆಲುಗಿನ ದಪ್ಪ ದಪ್ಪ ಅಕ್ಷರ. ಅಂದು ಮಧ್ಯಾಹ್ನ ಒಂದು ಕಡೆ ಅನ್ನಕ್ಕಿಟ್ಟು ನಿಂತೇ ಓದಲು ಶುರುಮಾಡಿದೆ. ಅನ್ನ ತಳ ಹತ್ತಿತು.

ಅವಳು ಬರೆದದ್ದು ನಮ್ಮ ಅದೇ ಮನೆಯ ಬಗ್ಗೆ. ಮಣ್ಣಿನ ಮಾಳಿಗೆ, ಮುಂಗಾರಿಗೆ ಮುಂಚೆ ಅವ್ವ ಚೌಳುಮಣ್ಣು ಹೊರಿಸಿ ಮೇಲೆ ಹರಡಿಸುತ್ತಿದ್ದದ್ದು, ಆದರೂ ಮಳೆ ಬಂದರೆ ಮೂರು ಕಡೆ ಸೋರುತ್ತಿದ್ದದ್ದು. ಕೊನೆಯ ಪುಟದಲ್ಲಿ ಹೀಗಿತ್ತು: ‘ಒಂದೊಂದು ಸೋರಿಕೆಗೂ ಅವ್ವ ಒಂದೊಂದು ಪಾತ್ರೆ ಗೊತ್ತು ಮಾಡಿದ್ಲು. ನನ್ನ ಮೂಲೆಗೆ ಹಿತ್ತಾಳೆ ತಪ್ಪಲೆ. ಅಕ್ಕನ ಮೂಲೆಗೆ ಸಿಲ್ವರ್ ಬೋಸಿ. ಅವ್ವನ ಹತ್ರ ಮಡಕೆ. ಮೂರೂ ಮೂರು ಥರ ಶಬ್ದ ಮಾಡೋವು. ತುಂಬಿದ್ರೆ ಎದ್ದು ಚೆಲ್ಲಿ ಬರೋದು, ಮತ್ತೆ ಇಡೋದು. ಯಾರೂ ಮಾತಾಡ್ತಿರ್ಲಿಲ್ಲ. ಮಳೆ ನಿಂತ ಮೇಲೂ ಒಂದು ಗಂಟೆ ಹೊತ್ತು ಒಳಗೆ ಹನೀತಾನೇ ಇರೋದು.’ ಅಲ್ಲಿಗೆ ಮುಗಿದಿತ್ತು.

ನನಗೆ ಸಿಟ್ಟು ಬಂತು. ಚೆನ್ನಾಗಿಲ್ಲ ಎಂದಲ್ಲ, ಚೆನ್ನಾಗಿದೆ ಎಂದು. ಆ ಮಾಳಿಗೆಯ ಕೆಳಗೆ ಅವಳಿಗಿಂತ ಆರು ವರ್ಷ ಮೊದಲೇ ಬಂದವಳು ನಾನು. ಐದು ವರ್ಷದಿಂದ ಬರೆಯುತ್ತಿರುವವಳು ನಾನು. ನಾನು ಬರೆದದ್ದು ಏನು? ಮುಂಜಾವಿನ ಇಬ್ಬನಿ, ಹೆಣ್ಣಿನ ತ್ಯಾಗ, ಹುಣ್ಣಿಮೆ. ಆ ಮೂರು ಪಾತ್ರೆಗಳ ಸದ್ದು ನನ್ನ ಕಿವಿಗೂ ಬಿದ್ದಿತ್ತು, ಅದು ಬರೆಯುವಂಥದ್ದು ಎಂದು ನನಗೆ ಹೊಳೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ಹಾಗೆ ಹೇಳಲೂ ಆಗಲಿಲ್ಲ. ನೆಲ ಇಬ್ಬರಿಗೂ ಅದೇ ಆಗಿತ್ತು.

ಒಂದು ಗಂಟೆಯಾದ ಮೇಲೆ ಇನ್ನೊಂದು ಫೋಟೊ ಬಂತು. ಜೊತೆಗೆ ಅವಳ ದನಿ: ‘ಅಕ್ಕ, ಹೆಸ್ರು ಹಾಕೋದೇ ಮರ್ತ್‌ಬುಟ್ಟಿದ್ದೆ, ಇದ್ನ ಮೇಲ್ಗಡೆ ಬರ್ಕೋ.’ ಬಜ್ಜಿ ಕಟ್ಟುವ ಕಾಗದದ ತುಂಡಿನ ಮೇಲೆ ತೆಲುಗಿನಲ್ಲಿ ಎರಡೇ ಪದ.

ಅತ್ತ ಮನೆ.

ಅದನ್ನು ಓದಿ ನಾನು ಕೂತುಬಿಟ್ಟೆ. ಆರು ಪುಟದಲ್ಲಿ ಒಬ್ಬರೂ ಕಣ್ಣೀರು ಹಾಕುವುದಿಲ್ಲ. ಸೋರುತ್ತದೆ, ಪಾತ್ರೆ ಇಡುತ್ತಾರೆ, ಚೆಲ್ಲುತ್ತಾರೆ. ಯಾರೂ ಅಳುವುದಿಲ್ಲ. ಹಾಗಾದರೆ ಅತ್ತದ್ದು ಯಾರು? ಮನೆ. ಮಳೆ ನಿಂತ ಮೇಲೂ ಒಂದು ಗಂಟೆ ಅತ್ತ ಮನೆ. ಇಂಥ ಎರಡು ಪದಕ್ಕೆ ನಾನು ಐದು ವರ್ಷ ಕಾದಿದ್ದೆ. ಅದು ಬಜ್ಜಿ ಕಾಗದದ ಮೇಲೆ, ಮರೆತುಹೋದದ್ದನ್ನು ನೆನೆಸಿಕೊಂಡು ಬರೆದವಳಿಗೆ ಸಿಕ್ಕಿತ್ತು. ಹೊಟ್ಟೆ ಉರಿಯುವುದು ಎಂದರೆ ಬರೀ ಮಾತು ಎಂದುಕೊಂಡಿದ್ದೆ. ಅವತ್ತು ನಿಜವಾಗಿ ಉರಿಯಿತು, ಮಜ್ಜಿಗೆ ಕುಡಿದೆ.

ಇಳಿಸಲು ಎರಡು ದಿನ ತೆಗೆದುಕೊಂಡೆ. ಶೀರ್ಷಿಕೆಯನ್ನು ದೊಡ್ಡದಾಗಿ, ನನಗೆ ಬರುವಷ್ಟು ಚೆಂದವಾಗಿ ಬರೆದೆ. ನನ್ನದಲ್ಲದಿದ್ದರೂ ನನ್ನ ಕೈಯಿಂದ ಹೋಗಲಿ ಎಂಬ ಆಸೆ. ಕೊನೆಯ ಪು‌ಟಕ್ಕೆ ಬಂದಾಗ ಆ ಸಿಲ್ವರ್ ಬೋಸಿ ನನ್ನನ್ನು ತಡೆಯಿತು. ಅವಳಿಗೆ ಹಿತ್ತಾಳೆ, ನನಗೆ ಸಿಲ್ವರ್ ಎನ್ನುವ ಅಗ್ಗದ ಅಲ್ಯೂಮಿನಿಯಂ. ಅದು ನಿಜ, ಅವ್ವ ಹಾಗೇ ಮಾಡುತ್ತಿದ್ದಳು. ಮರೆತಿರಲಿಲ್ಲ ನಾನು. ಆದರೆ ಅದನ್ನು ನನ್ನ ಕೈಯಲ್ಲೇ ಬರೆದು, ಹಿಂದೂಪುರದಿಂದ ಸೆಟ್ಟೂರಿನವರೆಗೆ ಮೆರವಣಿಗೆ ಮಾಡಿಸಬೇಕಾ? ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ‘ಅಕ್ಕನ ಮೂಲೆಗೂ ಹಿತ್ತಾಳೆ ತಪ್ಪಲೆ’ ಎಂದು ಬರೆದೆ. ನಾನು ಮೈ ಮುಟ್ಟಿದ ಆ ಒಂದು ಸಲ ಇದೇ.

ಪ್ರತಿಯನ್ನು ಮೊದಲು ನೋಡಿದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಈಯಮ್ಮ ಎಲ್ಡು ಪದ್ದಾಗೆ ಹೇಳಿದ್ನ ನಾವು ಇಪ್ಪತ್ತು ಪುಟ್ದಾಗೆ ಹೇಳಕ್ಕಾಗಲ್ಲ ಕಣಮ್ಮ. ಮನೆ ಅಳ್ತದೆ! ಯಾರಿಗೆ ಹೊಳೀತದೆ ಹೇಳು?’ ಎಂದರು. ನಾನು ‘ಹೂಂ ಸಾರ್’ ಎಂದೆ. ಅದೇ ಸಂಚಿಕೆಯಲ್ಲಿ ನನ್ನ ಪದ್ಯವೂ ಇತ್ತು. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸಲ ಚೀಲ ಗೋರಂಟ್ಲದಿಂದ ನನ್ನ ಕೈಗೇ ಬಂತು, ನೋಡಿದರೆ ಓದುಗರ ಹಾಳೆಯಲ್ಲಿ ಜಾತ್ರೆಯೇ ನೆರೆದಿತ್ತು. ಒಬ್ಬಾಕೆ ಆ ಎರಡು ಪದ ಓದಿ ತನ್ನ ತವರುಮನೆ ನೆನಪಾಯಿತು ಎಂದು ಒಂದು ಪುಟ ಬರೆದಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ‘ಅತ್ತ ಎಂದರೆ ಆ ಕಡೆ ಎಂಬ ಅರ್ಥವೂ ಉಂಟು, ಗಡಿಯಿಂದ ಅತ್ತ ಉಳಿದುಹೋದ ಕನ್ನಡದ ಮನೆ ಎಂಬ ಧ್ವನಿಯನ್ನು ಲೇಖಕಿ ಸೂಕ್ಷ್ಮವಾಗಿ ತಂದಿದ್ದಾರೆ’ ಎಂದು ಬರೆದು ಅಡಿಗೆರೆ ಹಾಕಿದ್ದರು. ಗೋರಂಟ್ಲದ ಗೊಬ್ಬರದಂಗಡಿಯವರು, ಯಾವತ್ತೂ ‘ಓದಿದೆ’ ಎಂದಷ್ಟೇ ಬರೆಯುವವರು, ಈ ಸಲ ‘ಅತ್ತ ಮನೆ. ಎರಡು ಸಲ ಓದಿದೆ’ ಎಂದಿದ್ದರು. ನನ್ನ ಪದ್ಯಕ್ಕೆ ಒಬ್ಬರು ಮುತ್ತು ಎಂದಿದ್ದರು, ಅಷ್ಟೇ.

ಅದೇ ದಿನಗಳಲ್ಲಿ ಓರಗಿತ್ತಿ ಫೋನು ಮಾಡಿದಳು.

‘ಏನಂದ್ರಕ್ಕ ಜನ?’

‘ಚೆನ್ನಾಗೈತೆ ಅಂದವ್ರೆ.’

‘ಅಷ್ಟೇನಾ?’

‘ಅಷ್ಟೇ ಕಣೆ. ಇನ್ನೇನಂತಾರೆ?’

‘ಬಿಡು, ಅಷ್ಟಂದ್ರಲ್ಲ,’ ಎಂದು ಅವಳು ಸಂತೋಷವಾಗಿ ಫೋನಿಟ್ಟಳು. ಆ ಸಂತೋಷವೂ ನನ್ನನ್ನು ಚುಚ್ಚಿತು. ಇಷ್ಟು ಕಡಿಮೆಗೆ ಸಂತೋಷಪಡುವವಳಿಗೆ ಅಷ್ಟು ದೊಡ್ಡ ಪಾಲು ಯಾಕೆ ಬರಬೇಕು?

ಚೀಲ ಮುಂದೆ ಹೋಗಬೇಕಾದದ್ದು ಕಲ್ಯಾಣದುರ್ಗಕ್ಕೆ. ಕಲ್ಯಾಣದುರ್ಗದ ಒಬ್ಬ ಮದುಮಗಳ ಸೀರೆಗಳಿಗೆ ಕುಚ್ಚು ಕಟ್ಟಿದ್ದೆ; ಅದನ್ನು ತಲುಪಿಸಲು ಹೋಗುವುದಿದ್ದರಿಂದ ಪತ್ರಿಕೆಯನ್ನೂ ನಾನೇ ಒಯ್ಯುವುದು ಎಂದಾಯಿತು. ಸೀರೆ ಕೊಟ್ಟು ಓರಗಿತ್ತಿಯ ಮನೆಗೆ ಹೋದಾಗ ಮಧ್ಯಾಹ್ನ. ಅಂಗಡಿ ಮುಚ್ಚಿ, ಬಾಣಲೆ ತೊಳೆದು ಬೋರಲು ಹಾಕಿದ್ದಳು. ನನಗೆಂದು ಎತ್ತಿಟ್ಟಿದ್ದ ಉಗ್ಗಾಣಿಯನ್ನು ತಟ್ಟೆಗೆ ಹಾಕಿಕೊಟ್ಟು, ಕೈ ಒರೆಸಿಕೊಂಡು, ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸಿನ ಬೋರ್ಡಿನ ಕನ್ನಡ ಅವಳಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತದೆ. ನನ್ನ ಸುಳಿ ಸುತ್ತಿದ ಸಣ್ಣ ಅಕ್ಷರ ಬರುವುದಿಲ್ಲ.

‘ನಾನು ಬರ್ದಿದ್ದು ನನಗೇ ಓದಕ್ ಬರಾಕಿಲ್ಲ ನೋಡಕ್ಕ. ನೀನೇ ಓದು,’ ಎಂದು ನಕ್ಕಳು.

ಓದಿದೆ. ಅವಳು ಗೋಡೆ ನೋಡುತ್ತಾ ಕೇಳಿದಳು. ಅಲ್ಲಲ್ಲಿ ‘ಹೌದು, ಹೌದು’ ಎಂದಳು, ಬೇರೆ ಯಾರೋ ಬರೆದದ್ದನ್ನು ಒಪ್ಪುವ ಹಾಗೆ. ಕೊನೆಯ ಪುಟಕ್ಕೆ ಬಂದಾಗ ಬೇಗ ಬೇಗ ಓದಿ ದಾಟಿಬಿಡೋಣ ಎಂದುಕೊಂಡೆ.

‘ನಿಲ್ಸು ನಿಲ್ಸು. ನಿಂಗೆಲ್ಲಿತ್ತಕ್ಕ ಹಿತ್ತಾಳೆ ತಪ್ಪಲೆ? ಸಿಲ್ವರ್ ಬೋಸಿ ಅಲ್ವಾ?’

‘ಇಳಿಸೋವಾಗ ಕೈತಪ್ಪಾಗೈತೇನೋ.’

‘ನಿನ್ನ ಮೂಲೇಲಿ ಸೋರೋದು ಭಾಳ. ತಪ್ಪಲೆ ಸಾಲ್ತಿರ್ಲಿಲ್ಲ. ಅಗ್ಲದ್ದು ಅಂತ ಇದ್ದಿದ್ದು ಅದೊಂದೇ ಬೋಸಿ, ಅವ್ವ ಅದ್ನ ನಿನ್ ಕಡೇಗೇ ಇಡೋಳು. ಮರ್ತ್‌ಬುಟ್ಟಾ?’

ಮರೆತಿರಲಿಲ್ಲ, ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಆ ಬೋಸಿಯನ್ನು ಅವಮಾನ ಎಂದು ಲೆಕ್ಕಕ್ಕೆ ಹಿಡಿದಿದ್ದೆ. ಅವಳು ಅದನ್ನು ಅಲ್ಲಿಗೇ ಬಿಟ್ಟು ಹಾಳೆ ತಿರುವಿದಳು.

‘ಇದೇನಾ ಜನ ಬರ್ದಿರೋದು? ಓದು.’

ಎರಡು ಕಡೆಯಿಂದ ಎರಡು ಸಾಲು ಓದಿದೆ. ಭಾಷೆ ಸಹಜವಾಗಿದೆ. ಊರಿನ ನೆನಪು ಬಂತು. ಮುಚ್ಚಲು ಹೋದೆ. ಅವಳು ಹಾಳೆಯ ಮೇಲೆ ಕೈ ಇಟ್ಟಳು.

‘ಇಷ್ಟುದ್ದ ಬರ್ದವ್ರೆ, ನೀನು ಎಲ್ಡೇ ಮಾತು ಓದ್ದೆ. ಇಲ್ಲಿ ನೋಡು,’ ಎಂದು ಬೆರಳಿಟ್ಟು ಕೂಡಿಸಿದಳು. ‘ಅ… ತ್ತ… ಮನೆ. ಇಲ್ಲೂ ಐತೆ. ಇಲ್ಲೂ ಐತೆ. ನನ್ ಹೆಸ್ರಿಗೆ ಏನೋ ಅಂದವ್ರೆ. ಬೈದವ್ರಾ?’

ಸಿಕ್ಕಿಬಿದ್ದೆ. ತವರುಮನೆ ನೆನೆಸಿಕೊಂಡ ಆಕೆಯ ಪುಟವನ್ನು ಓದಿದೆ. ‘ಮನೆಯೇ ಅತ್ತಿತು ಎಂದು ಬರೆದ ಆ ತಾಯಿಯ ಕೈಗೆ ನಮಸ್ಕಾರ’ ಎಂದು ಅದರ ಕೊನೆಗಿತ್ತು. ಆ ಸಾಲು ಓದುವಾಗ ನನ್ನ ದನಿ ನನಗೇ ಕಹಿಯಾಗಿ ಕೇಳಿಸಿತು.

ಅವಳು ಹುಬ್ಬು ಗಂಟಿಕ್ಕಿದಳು. ‘ಮನೆ ಯಾಕಕ್ಕ ಅಳ್ತೈತೆ?’

‘ನೀನೇ ಬರ್ದಿದ್ದೀಯಲ್ಲೇ, ಅತ್ತ ಮನೆ ಅಂತ.’

‘ಹೂಂ. ಅತ್ತ ಮನೆ. ಅವ್ವನ ಮನೆ. ಅತ್ತಾರಿಲ್ಲು.’

ತೆಲುಗಿನಲ್ಲಿ ಅತ್ತೆಗೆ ಅತ್ತ ಎನ್ನುತ್ತಾರೆ. ಇದು ಈ ಕಡೆಯ ಹಸುಳೆಗೂ ಗೊತ್ತು, ನನಗೂ ಗೊತ್ತು. ಅವಳು ಬರೆದದ್ದು ಅತ್ತೆ ಮನೆ. ಶಾಲೆಯಲ್ಲಿ ತಿದ್ದಿದ ಕೈ, ತೆಲುಗು ಅಕ್ಷರದಲ್ಲಿ ಬರೆಯುವಾಗ ಅತ್ತೆ ಹೋಗಿ ಅತ್ತ ಆಗಿತ್ತು. ಒಂದು ಏತ್ವ ಬಿಟ್ಟುಹೋಗಿತ್ತು, ‘ತ’ಕಾರದ ತಲೆಯ ಮೇಲಿನ ಒಂದು ಸಣ್ಣ ಕೊಂಡಿ. ಮನೆಯಲ್ಲಿ ಅವ್ವ, ಅವ್ವ ಎಂದೇ ಕರೆದು, ಬರಹದಲ್ಲೂ ಅವ್ವ ಎಂದೇ ಇದ್ದುದರಿಂದ ನನಗೆ ಅತ್ತೆ ಹೊಳೆಯಲೇ ಇಲ್ಲ. ತೆಲುಗು ಅಕ್ಷರ ಕಂಡರೆ ಕನ್ನಡವನ್ನೇ ಓದಬೇಕು ಎಂದು ಕಣ್ಣನ್ನು ಪಳಗಿಸಿಕೊಂಡಿದ್ದೆ. ಕಣ್ಣು ಹೇಳಿದ ಹಾಗೆ ಕೇಳಿತ್ತು.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಎರಡು ಪದ ನನ್ನವು. ಮೇಷ್ಟ್ರು ಕನ್ನಡಕ ಒರೆಸಿಕೊಂಡದ್ದು ನನಗೆ. ಗೊಬ್ಬರದಂಗಡಿಯವರು ಎರಡು ಸಲ ಓದಿದ್ದು ನನ್ನ ಮಾತನ್ನು. ಇಷ್ಟು ಹೊತ್ತು ಮುಚ್ಚಿಡುತ್ತಿದ್ದ ಹಾಳೆಗಳನ್ನು ನಾನೇ ಬಿಡಿಸಿ, ಒಂದೊಂದನ್ನೇ ಜೋರಾಗಿ ಓದಿದೆ. ಕಾಲೇಜಿನವರ ‘ಗಡಿಯಿಂದ ಅತ್ತ’ ಎನ್ನುವುದನ್ನಂತೂ ಬಿಡಿಸಿ ಬಿಡಿಸಿ ಹೇಳಿದೆ. ‘ನೋಡಿದ್ಯಾ, ಇದೆಲ್ಲ ಆ ಹೆಸ್ರಿಗೆ. ಆ ಹೆಸ್ರು ನಾನು ಓದ್ಕೊಂಡಿದ್ದು. ನೀನು ಬರ್ದಿದ್ದಲ್ಲ,’ ಎಂದೂ ಹೇಳಿಬಿಟ್ಟೆ. ಐವತ್ತು ದಾಟಿದ ಹೆಂಗಸು ನಾನು, ಆಟದಲ್ಲಿ ಗೆದ್ದ ಹುಡುಗಿಯ ಹಾಗೆ ಕುಣಿದೆ.

ಅವಳು ನನ್ನ ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಒಂದು ಕಡೆಗೆ ಗುಡ್ಡೆ ಮಾಡಿದಳು.

‘ಹೆಸ್ರು ನಿಂದೇ ಇರ್ಲಿ ಬಿಡಕ್ಕ,’ ಎಂದಳು. ‘ಅದ್ಕೆ ನಂಗೇನಿಲ್ಲ. ಆದ್ರೆ ನಾನು ಅವ್ವಂಗೋಸ್ಕರ ಬರ್ದೆ. ಅವ್ವನ್ನ ಮೇಲ್ಗಡೆ ಇಟ್ಟಿದ್ದೆ. ನೀನು ಅವ್ವನ್ನ ತೆಗ್ದು ಅಳಾದು ಇಕ್ಬುಟ್ಟೆ.’

‘ಬೇಕಂತ ಮಾಡಿದ್ದಲ್ಲ ಕಣೆ.’

‘ನಂಗೊತ್ತು.’ ಆಮೇಲೆ ನನ್ನ ಮುಖ ನೋಡಿ, ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: ‘ನಾನು ಆ ಮನೇಲಿ ಒಂದಿನಾನೂ ಅಳ್ಲಿಲ್ಲಕ್ಕ. ಸೋರಿದ್ರೂ ನಂಗೆ ಕುಸಾಲೇ. ಅವ್ವ ಅತ್ತಿದ್ದು ಕಂಡಿಲ್ಲ. ನೀನತ್ತಿದ್ದಾ?’

ಬಚ್ಚಲ ಒಲೆಗೆ ಹಸಿ ಸೌದೆ ಹಾಕಿದರೆ ಮನೆ ತುಂಬ ಹೊಗೆ. ಆ ಹೊಗೆಯಲ್ಲಿ ಕಣ್ಣು ಕೆಂಪಾದರೆ ಯಾರೂ ಏನೂ ಕೇಳುವುದಿಲ್ಲ. ನಾನು ಎಷ್ಟು ದಿನ ಬೇಕೆಂದೇ ಹಸಿ ಸೌದೆ ಹಾಕಿದ್ದೇನೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಮೇಲೆ ಅವರಿಬ್ಬರೂ ನಗುತ್ತಿದ್ದದ್ದು ಬಚ್ಚಲಿಗೆ ಕೇಳಿಸುತ್ತಿತ್ತು. ಅವಳು ಉತ್ತರಕ್ಕೆ ಕಾಯಲಿಲ್ಲ.

‘ಪೆನ್ನು ಐತಲ್ಲ ನಿನ್ ಹತ್ರ. ಸರಿ ಮಾಡ್ಬುಡು,’ ಎಂದಳು.

ಪೆನ್ನು ಇತ್ತು. ಇರುವುದು ಒಂದೇ ಪ್ರತಿ. ಇಲ್ಲಿ ಒಂದು ಕೊಂಡಿ ಎಳೆದರೆ ಮುಗಿಯಿತು, ಹಿಂದಿನ ಹಾಳೆಯಲ್ಲಿ ಜನ ಹೊಗಳಿದ ಮಾತು ಪತ್ರಿಕೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಐದು ವರ್ಷದಲ್ಲಿ ನಾನು ಗೆದ್ದ ಎರಡೇ ಪದ, ಅದೂ ನನ್ನದೆಂದು ಗೊತ್ತಾಗಿ ಹತ್ತು ನಿಮಿಷವಾಗಿತ್ತು. ಆಮೇಲೆ ಹಿಂದೂಪುರಕ್ಕೆ ಹೋಗಿ ತಿದ್ದುತ್ತೇನೆ ಎಂದು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವಳು ಶೀರ್ಷಿಕೆಯ ಪುಟವನ್ನು ಬಿಡಿಸಿ, ಹಾಳೆ ಮಡಚಿಕೊಳ್ಳದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

ಏತ್ವ ಕೊಟ್ಟೆ. ಅತ್ತೆ ಮನೆ ಆಯಿತು. ಕೊನೆಯ ಪುಟದಲ್ಲಿ ಹಿತ್ತಾಳೆ ತಪ್ಪಲೆಯನ್ನು ಹೊಡೆದುಹಾಕಿ ಮೇಲೆ ಸಿಲ್ವರ್ ಬೋಸಿ ಎಂದು ಬರೆದೆ. ನನ್ನ ಪುಟಗಳಲ್ಲಿ ಅದುವರೆಗೆ ಒಂದೂ ಕಾಟು ಇರಲಿಲ್ಲ.

ಓದುಗರ ಹಾಳೆ ಇನ್ನೂ ತೆರೆದೇ ಇತ್ತು. ಮುಂದೆ ಓದುವವರಿಗೆ ಈ ಹೊಗಳಿಕೆ ಎಲ್ಲ ತಲೆಬುಡ ತಿಳಿಯದೆ ಹೋಗುತ್ತದೆ, ಏನಾದರೂ ಹೇಳಲೇಬೇಕಿತ್ತು. ಅಲ್ಲಿಯವರೆಗೆ ನಾನು ಆ ಹಾಳೆಯಲ್ಲಿ ಒಂದಕ್ಷರವನ್ನೂ ಬರೆದವಳಲ್ಲ. ಗೆರೆ ಎಳೆದುಕೊಳ್ಳದೆ, ಅಕ್ಷರದ ಕಡೆ ಗಮನ ಕೊಡದೆ ಬರೆದೆ.

‘ಏನ್ ಬರ್ದೆ? ಓದು,’ ಎಂದಳು.

ಓದಿದೆ: ‘ಈ ಬರಹದ ಹೆಸರು ಅತ್ತೆ ಮನೆ. ಅತ್ತ ಮನೆ ಎಂದು ತಪ್ಪಾಗಿ ಓದಿಕೊಂಡವಳು ಇದನ್ನು ಇಳಿಸಿದವಳು. ಆ ಮನೆಯಲ್ಲಿ ಅತ್ತದ್ದೂ ಅವಳೇ.’

ಅವಳು ಹಾಳೆಯ ಮೇಲಿನ ಕೈ ತೆಗೆದು ನನ್ನ ಮೊಣಕಾಲಿನ ಮೇಲೆ ಇಟ್ಟಳು.

‘ಯಾವಾಗಕ್ಕ?’

‘ನೀನು ಬಂದ ವರ್ಷ,’ ಎಂದೆ.